ಬಂಗುಡೆಯ ಜಾಗದಲ್ಲಿ ಮಾಂಜಿ

ಹುಸೈನಬ್ಬ ತೀರಿಹೋದ ಸುದ್ದಿ ಬಂದಾಗ ಬೆಳಗಿನ ಐದೂವರೆ. ಮುಂಡಪ್ಪನವರು ಕೊಲ್ಲಿ ದೇಶದ ಸೆಗಯಾದ ಗ್ಯಾರೇಜಿನಲ್ಲಿ ಕಾರಿನ ಬಾಗಿಲು ಬಿಚ್ಚಿ ಕೂತಿದ್ದಾರೆ. ಫೋನಿನಲ್ಲಿ ಉಪ್ಪಿನಂಗಡಿಯಿಂದ ಹುಸೈನಬ್ಬರ ಮಗಳು ಝುಲ್ಫಾ. ಮಧ್ಯಾಹ್ನದ ನಮಾಜಿನ ನಂತರ ದಫನವಂತೆ. ಹೋಗಿ ಒಂದು ಹಿಡಿ ಮಣ್ಣು ಹಾಕುವಷ್ಟು ಹೊತ್ತಿಲ್ಲ. ಮುಂಡಪ್ಪನವರು ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಾಗಿಲಿನೊಳಗೆ ಕೈ ಹಾಕುತ್ತಾರೆ.

ಕಾರು ಪಕ್ಕದ ಮಾಹೂಝಿನ ನರ್ಸ್ ರೆಜಿನಾ ಅವರದು. ಇಳಿದ ಗಾಜು ಏರಿಲ್ಲ. ಬೇರೆ ಕಡೆ ಹೊಸ ಸ್ವಿಚ್ಚು ಹಾಕಿಸಿದರೂ ಏರಿಲ್ಲ. ಏಳಕ್ಕೆ ಡ್ಯೂಟಿ, ಹೊರಗೆ ಧೂಳುಗಾಳಿ. ಆದರೂ ಸುದ್ದಿ ಕೇಳಿದ ಅವರು, ಇವತ್ತು ಬೇಡ, ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎನ್ನುತ್ತಾರೆ.

“ಬಾಗಿಲು ಬಿಚ್ಚಿಟ್ಟು ಎದ್ದರೆ ಹುಸೈನಬ್ಬ ಕಾಕ ಬೈಲಿಕ್ಕುಂಟು ಸಿಸ್ಟರ್. ಕೂತ್ಕೊಳ್ಳಿ.”

ಇಪ್ಪತ್ತಮೂರು ವರ್ಷದ ಹಿಂದೆ ಊರಿನಿಂದ ಬಂದ ಮುಂಡಪ್ಪನವರಿಗೆ ಇದೇ ಗ್ಯಾರೇಜಿನಲ್ಲಿ ಕೆಲಸ ಕಲಿಸಿದವರು ಹುಸೈನಬ್ಬ. ವೈರಿಂಗಿನ ಇಂಗ್ಲಿಷ್ ನಕ್ಷೆ ಇಬ್ಬರಿಗೂ ಓದಲು ಬಾರದು. ಅದಕ್ಕೆ ಕಾಕ ವೈರುಗಳಿಗೆ ಮೀನಿನ ಹೆಸರಿಟ್ಟರು: ಬಿಳಿಯದು ಮಾಂಜಿ, ಕೆಂಪು ಕೆಂಬೇರಿ, ಹಸಿರಿನ ಮೇಲೆ ಕರಿಗೆರೆ ಇದ್ದರೆ ಬಂಗುಡೆ. ದಿನಕ್ಕೆ ಏಳೆಂಟು ಕಾರು ನೋಡುವ ಮುಂಡಪ್ಪನವರ ಬಾಯಲ್ಲಿ ಇಂದಿಗೂ ಅವೇ ಹೆಸರು. ಸ್ವಿಚ್ಚನ್ನು ದೂರುವ ಮೊದಲು ಕಪ್ಲರ್ ಬಿಚ್ಚಿ ನೋಡು ಎಂಬುದೂ ಕಾಕನ ಪಾಠವೇ. ವೈರುಗಳು ಬಂದು ಸೇರುವ ಆ ಪ್ಲಾಸ್ಟಿಕ್ ಗೂಡಿನ ಪಿನ್ನುಗಳಿಗೆ ಕಡಲಗಾಳಿಯಿಂದ ಕಿಲುಬು ಹಿಡಿಯುತ್ತದೆ.

ಇಲ್ಲಿಯೂ ಎರಡು ಪಿನ್ನು ಹಸಿರಾಗಿವೆ. ವೈರೆರಡನ್ನೂ ಎಳೆದು, ಹೊಸ ಪಿನ್ನು ಕೂರಿಸಿ, ಕಪ್ಲರಿಗೆ ಮರಳಿಸುತ್ತಾರೆ. ರೆಜಿನಾ ಸ್ವಿಚ್ಚನ್ನು ಮೇಲಕ್ಕೆ ಎತ್ತಿದರೆ ಗಾಜು ಅಲುಗುವುದಿಲ್ಲ. ಕೆಳಕ್ಕೆ ಒತ್ತಿದರೆ ಸರ್ರನೆ ಏರುತ್ತದೆ.

“ಇದೆಂಥ ಮುಂಡಪ್ಪಣ್ಣ, ನನ್ನ ಗಂಡನ ಹಾಗೆ! ಹೇಳಿದ್ದಕ್ಕೆ ಉಲ್ಟಾ.”

ಫೋನು ಬಂದ ಮೇಲೆ ಮೊದಲ ಸಲ ಮುಂಡಪ್ಪನವರು ನಗುತ್ತಾರೆ. “ಮಾಂಜಿ, ಬಂಗುಡೆ ವೈರು ಅದಲುಬದಲಾಯ್ತು. ಮೊದಲ ವರ್ಷವೂ ಇದೇ ತಪ್ಪು ಮಾಡಿದ್ದೆ. ಅಗ್ಗದ ಬಂಗುಡೆಗೆ ಮಾಂಜಿಯ ಕ್ರಯ ಕೊಟ್ಟೆಯಲ್ಲೋ ಅಂತ ಕಾಕ ವಾರವಿಡೀ ನಗಾಡಿದ್ದರು.”

ಗಾಜು ಮುಚ್ಚಿತಲ್ಲ, ಹೀಗೇ ಇರಲಿ, ಹೊತ್ತಾಯಿತು ಎನ್ನುತ್ತಾರೆ ರೆಜಿನಾ. ಮುಂಡಪ್ಪನವರು ಒಪ್ಪುವುದಿಲ್ಲ. ಮಗುವೊಂದು ಕೈ ಹೊರಗಿಟ್ಟಾಗ ಇಳಿಸಲು ಹೋಗಿ ಏರಿಸಿಬಿಟ್ಟರೆ? ಬಂಗುಡೆ ಬಂಗುಡೆಯ ಜಾಗಕ್ಕೆ, ಮಾಂಜಿ ಮಾಂಜಿಯ ಜಾಗಕ್ಕೆ ಹೋಗುತ್ತವೆ. ಆರೂವರೆಗೆ ಕಾರು ಹೊರಡುತ್ತದೆ, ಗಾಜು ಏರಿಸಿಕೊಂಡು.

ಮುಂಡಪ್ಪನವರು ಕೈ ತೊಳೆದು, ಚಪ್ಪಲಿ ಕಳಚಿ, ಊರಿನ ದಿಕ್ಕಿಗೆ ನಿಂತು ಕೈಮುಗಿಯುತ್ತಾರೆ.

“ದೇವರೇ, ಯಾವುದು ಎಲ್ಲಿರಬೇಕೆಂದು ನನಗೆ ಕಲಿಸಿದವರು ಅವರು. ಅವರಿಗೂ ಒಂದು ತಂಪಾದ ಜಾಗ ಕೊಡು.”