ಮೀಸೆಯಿದ್ದ ನೀರು

ವೇದ ಸುಳ್ಳಾದರೂ ಟೇಪು ಸುಳ್ಳಾಗದು. ಗಾದೆಯ ಕಿವಿ ಹಿಂಡಿದ್ದಾಯಿತು. ಇನ್ನು ಮುಂದಿನದು ಕೂದಲು ಕೊಂಕದ ನಿಜ.

ಬೆಳಕು ಹರಿಯುವ ಹೊತ್ತು. ಊರಿನ ಎತ್ತರದ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಕೊಳವೆಬಾವಿಯ ಮುಂದೆ ಮಂಡಿಯೂರಿ, ಹಲ್ಲುನೋವಿನ ಮಗುವಿನ ಬಾಯಿ ನೋಡುವ ಹಾಗೆ ಅದರೊಳಗೆ ಇಣುಕುತ್ತಿದ್ದಾರೆ. ಇವರು ಭೂಜಲ ವಿಜ್ಞಾನಿ. ನೆಲದೊಳಗೆ ನೀರು ಎಷ್ಟಿದೆ, ಎಷ್ಟು ಎತ್ತಿದರೆ ಬಾವಿ ಬದುಕೀತು ಎಂದು ಹೇಳುವುದು ಇವರ ಕೆಲಸ. ಕಚೇರಿಯವರಿಗೆ ಇವರು ಪಾತಾಳಕ್ಕ. ಇಪ್ಪತ್ತೆರಡು ವರ್ಷದಿಂದ ಬಾವಿಗಳ ಬಾಯಿ ನೋಡುತ್ತಿದ್ದಾರೆ. ನಲ್ಲಿ ತಿರುಗಿಸುವ ಯಾರೂ ಇವರ ಮುಖ ನೋಡಿಲ್ಲ.

ಮನೆಯಲ್ಲಂತೂ ಮರ್ಯಾದೆ ಅಷ್ಟಕ್ಕಷ್ಟೇ. "ನೆಲದಡಿ ಮುನ್ನೂರಡಿ ಕಾಣತ್ತಂತೆ, ಸಿಂಕಿನಡಿ ಸೋರೋದು ಕಾಣಲ್ವಂತೆ" ಎಂದು ಅತ್ತೆ ದಿನಾ ಪಾತ್ರೆಗಳಿಗೆ ಹೇಳುತ್ತಾರೆ. ನೆಂಟರದು ಇನ್ನೊಂದು ಕಾಟ. "ಸೈಟ್ ತಗೊಂಡಿದ್ದೀವಿ, ಬಂದು ಒಂಚೂರು ಮೂಸಿ ನೋಡು ಅಂತಾರೆ. ನಾನು ವಿಜ್ಞಾನಿ ಕಣ್ರೀ, ಪೊಲೀಸ್ ನಾಯಿ ಅಲ್ಲ" ಎನ್ನುತ್ತಾರೆ ಪಾತಾಳಕ್ಕ.

ಇವತ್ತಿನ ರೋಗಿ ಈ ಬೀದಿಯ ಒಂದೇ ಒಂದು ಬಾವಿ. ನಿನ್ನೆಯಿಡೀ ಪಂಪು ಓಡಿಸಿ ಸಂಜೆ ನಿಲ್ಲಿಸಿದ್ದಾರೆ. "ಬಾವಿನೂ ನಮ್ಮ ಹಾಗೇ. ದುಡಿದು ದುಡಿದು ಮುಖ ಇಳಿಯತ್ತೆ. ಮಲಗಿ ಎದ್ದಾಗ ಎಷ್ಟು ಏರಿದೆ ಅಂತ ನೋಡಬೇಕು, ಅಷ್ಟೇ." ನೀರು ಇಪ್ಪತ್ತು ಮೀಟರ್ ಆಳಕ್ಕಿಂತ ಮೇಲೆ ಬಂದಿದ್ದರೆ ಬಾವಿ ಉಳಿಯುತ್ತದೆ. ಇಲ್ಲದಿದ್ದರೆ ಇವತ್ತೇ ಮುಚ್ಚಳ. ಆಮೇಲೆ ಬೀದಿಗೆಲ್ಲ ಟ್ಯಾಂಕರೇ ಗತಿ. ಮೇಲಧಿಕಾರಿ ಕೈಗಡಿಯಾರ ನೋಡುತ್ತ ಪಕ್ಕದಲ್ಲೇ ನಿಂತಿದ್ದಾರೆ.

ನೀರಿನ ಆಳ ಅಳೆಯುವ ಟೇಪಿನ ಸುರುಳಿ ಬಿಡುತ್ತಿರುವವನು ಜೀಪಿನ ಚಾಲಕ. ದಪ್ಪ ಮೀಸೆ, ಅದರ ಹಿಂದೆ ಹತ್ತಾರು ಗಂಟಲು. ಮೇಲಧಿಕಾರಿಯ ಕೆಮ್ಮು, ಕುಕ್ಕರಿನ ಸೀಟಿ, ಯಾವುದು ಬೇಕಾದರೂ ಬಂದೀತು. ಮನೆ ಇದೇ ಬೀದಿಯಲ್ಲಿ. ಆಚೆ ಗೇಟಿನಲ್ಲಿ ಬಕೆಟ್ ಹಿಡಿದು ನಿಂತಿರುವವಳು ಅವನ ಹೆಂಡತಿ.

ಟೇಪಿನ ತುದಿ ನೀರು ಮುಟ್ಟಿದರೆ ಸುರುಳಿ ಸದ್ದು ಮಾಡಬೇಕು. ಹತ್ತು ಮೀಟರು, ಹನ್ನೊಂದು, ಹನ್ನೆರಡು.

"ಕೀಂ."

"ಹನ್ನೆರಡಾ? ಬರ್ಕೊಳ್ಳಿ, ಬರ್ಕೊಳ್ಳಿ" ಎಂದು ಮೇಲಧಿಕಾರಿ ಜೀಪಿನತ್ತ ತಿರುಗುತ್ತಾರೆ.

ಪಾತಾಳಕ್ಕ ಪೆನ್ನು ತೆಗೆಯುವುದಿಲ್ಲ. "ಬೇಡಿ ಸಾರ್. ಈ ನೀರಿಗೆ ಮೀಸೆ ಇದೆ."

ಸೆರಗಿನ ಮರೆಯಿಂದ ಕೈ ಚಾಚಿ ಮುಷ್ಟಿ ಬಿಡಿಸುತ್ತಾರೆ. ಅಂಗೈಯಲ್ಲಿ ಟೇಪಿನ ಬ್ಯಾಟರಿ. "ಎರಡು ದಿನದಿಂದ ಜೀಪಿನ ಹಿಂದೆ ನಿಂತು ಕೀಂ ಕೀಂ ಅಂತ ರಿಯಾಜು ಮಾಡ್ತಿದ್ದ. ಹೊರಡೋ ಮುಂಚೇನೇ ಬಿಚ್ಚಿಟ್ಕೊಂಡೆ."

ಮೀಸೆ ಒಮ್ಮೆಲೇ ಇಳಿಬೀಳುತ್ತದೆ. "ಅಕ್ಕಾ, ನಮ್ಮ ಬೀದಿ ಬಾವಿ..."

"ಗೊತ್ತು ಮಾರಾಯ. ಇವತ್ತು ನಿನ್ನ ಹನ್ನೆರಡು ಬರೆದ್ರೆ, ನಾಳೆ ನನ್ನ ನಿಜವಾದ ಲೆಕ್ಕಾನ ಯಾರು ನಂಬ್ತಾರೆ?"

ಚೀಲದಿಂದ ಹಳೆಯ ಉಕ್ಕಿನ ಟೇಪು ಹೊರಬರುತ್ತದೆ. ಅದಕ್ಕೆ ಸದ್ದಿಲ್ಲ, ಬ್ಯಾಟರಿಯೂ ಬೇಡ. ತುದಿಗೆ ಉದ್ದಕ್ಕೂ ಸೀಮೆಸುಣ್ಣ ಬಳಿದು ಇಳಿಸುತ್ತಾರೆ. ಸುಣ್ಣ ಎಲ್ಲಿಯವರೆಗೆ ಒದ್ದೆಯೋ ಅಲ್ಲಿಯವರೆಗೆ ನೀರು. ಮೇಲಕ್ಕೆಳೆಯುವಾಗ ಚಾಲಕ ಬಾವಿಯ ಬಾಯಿಗೇ ಬಾಗಿ ನಿಂತಿದ್ದಾನೆ. ಕೆಮ್ಮು, ಸೀಟಿ, ಯಾವ ಗಂಟಲೂ ಅವನ ನೆರವಿಗೆ ಬರುವುದಿಲ್ಲ.

ಪಾತಾಳಕ್ಕ ಒದ್ದೆ ಗೆರೆಯ ಮೇಲೆ ಉಗುರಿಟ್ಟು ಎರಡು ಸಲ ಓದುತ್ತಾರೆ. "ಹದಿನೇಳು. ಬಾವಿ ಚೆನ್ನಾಗಿ ನಿದ್ದೆ ಮಾಡಿದೆ ಸಾರ್, ಮುಚ್ಚೋ ಹಾಗಿಲ್ಲ."

ಗೇಟಿನಲ್ಲಿ ಬಕೆಟ್ ದಡಾರನೆ ಕೆಳಗೆ ಕೂರುತ್ತದೆ. ನಿಮಗೇನು ಆಸೆ ಎಂದು ನಾವು ಕೇಳಿದರೆ ಪಾತಾಳಕ್ಕ ಸುಣ್ಣದ ಕೈ ಜಾಡಿಸುತ್ತಾರೆ. "ನಾನು ರಿಟೈರ್ ಆಗೋವರೆಗೂ ಇವನಿಗೆ ಗಂಟಲು ಕಟ್ಟಿರಲಿ. ಅಷ್ಟು ಸಾಕು."

ಮೇಲಧಿಕಾರಿಯೂ ನಗುತ್ತಾರೆ, ಗೇಟಿನವಳೂ ನಗುತ್ತಾಳೆ. ಎಲ್ಲರಿಗಿಂತ ಜೋರಾಗಿ ನಗುವವನು ಬಾನೆಟ್ ಹಿಡಿದು ಬಾಗಿರುವ ಚಾಲಕನೇ. ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಬರುತ್ತದೆ. ಅದೂ "ಕೀಂ" ಎಂದೇ ಬರುತ್ತದೆ.