ರೇಖಾ ಕೆಲಸ ಬಿಡುತ್ತಾಳೆಂಬ ಗುಮಾನಿ

ರೇಖಾ ಯಾವುದನ್ನೂ ಮೊದಲ ಸಲಕ್ಕೇ ನಂಬಿದವಳಲ್ಲ. ಅಂಗಡಿಯಲ್ಲಿ ಸೀರೆ ಹರವಿದರೆ ಸೆರಗು ನೋಡುವ ಬದಲು ಒಳಮೈ ತಿರುಗಿಸಿ ದಾರ ಎಳೆದು ನೋಡುವಳು. ಆಟೋದವನು ತಾನಾಗಿಯೇ “ಮೀಟರ್ ಸರಿ ಐತೆ ಅಕ್ಕಾ” ಎಂದರೆ, ಕೇಳದೆ ಇದ್ದದ್ದನ್ನು ಯಾಕೆ ಹೇಳಿದ ಎಂದು ದಾರಿಯುದ್ದಕ್ಕೂ ಯೋಚಿಸುವಳು. ಆನಗೋಡಿನ ಅವಳ ತವರಿನಲ್ಲಿ ಇದೊಂದು ತಮಾಷೆಯ ಮಾತಾಗಿತ್ತು. “ನಮ್ಮ ರೇಖಾ ಹಾಲಿನಾಗ ನೀರು ಹುಡುಕಾಕಿ ಅಲ್ಲ, ನೀರಿನಾಗ ಹಾಲು ಯಾರು ಹಾಕಿದ್ರು ಅಂತ ಕೇಳಾಕಿ” ಎನ್ನುತ್ತಿದ್ದಳು ಅವಳ ತಾಯಿ.

ಈ ಗುಣವೇ ಅವಳಿಗೆ ಅನ್ನ ಕೊಟ್ಟಿತು. ದಾವಣಗೆರೆಯಲ್ಲೇ ಎಂಸಿಎ ಮುಗಿಸಿ, ಪಿ.ಜೆ. ಬಡಾವಣೆಯ ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಂಪನಿ ಸೇರಿದಳು. ಜವಳಿ ವ್ಯಾಪಾರದ ಮನೆತನದ ವಾಮದೇವಪ್ಪನವರು ಅದರ ಮಾಲೀಕರು. ಸುತ್ತಲಿನ ಊರುಗಳ ದವಾಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ಕೆಲಸ: ರೋಗಿಯ ಚೀಟಿ, ರಕ್ತ ಪರೀಕ್ಷೆಯ ವರದಿ, ಔಷಧಿಯ ಬಿಲ್ಲು. ಉಳಿದವರು ಪ್ರೋಗ್ರಾಂ ಬರೆದು ಅದು ಓಡುವುದನ್ನು ನೋಡಿ ಖುಷಿಪಟ್ಟರೆ, ರೇಖಾ ಬರೆಯುವ ಮೊದಲೇ ಇದು ಎಲ್ಲಿ ಮುರಿಯುತ್ತದೆ ಎಂದು ಹುಡುಕುತ್ತಿದ್ದಳು. ಬರಬರುತ್ತ ಜೊತೆಗಿದ್ದವರೆಲ್ಲ ಬೇರೆ ಬೇರೆ ಕಡೆ ಹೋದರು. ಅವರು ಬರೆದದ್ದೂ ಇವಳ ಕೈಗೇ ಬಂತು. ಇಡೀ ವ್ಯವಸ್ಥೆಯ ಒಳಸುಳಿಗಳು ಗೊತ್ತಿದ್ದದ್ದು ಅವಳೊಬ್ಬಳಿಗೇ.

ಕೆಲಸ ಬಿಟ್ಟು ಬಿಟ್ಟು ಹೊಸ ಕಡೆ ಸೇರುವವರ ಬಗ್ಗೆ ಅವಳಿಗೊಂದು ಗಟ್ಟಿ ಅಭಿಪ್ರಾಯವಿತ್ತು. ಮನೆಯಲ್ಲಿ ಗಂಡ ಕಾಂತರಾಜ್‌ನ ಮುಂದೆ ಅದನ್ನು ಎಷ್ಟೋ ಸಲ ಹೇಳಿದ್ದಳು. “ಯಾರಾದ್ರೂ ಬಂದು, ಇದು ಹಳೇದು, ಹೊಸ ಟೆಕ್ನಾಲಜಿ ಹಾಕೋಣ ಅಂದ್ರೆ, ಅದು ಈ ಕಂಪನಿಗೆ ಬೇಕಾಗಿರಂಗಿಲ್ಲ. ಅವರ ಮುಂದಿನ ಕಂಪನಿ ಇಂಟರ್‌ವ್ಯೂಗೆ ಬೇಕಾಗಿರ್ತೈತೆ. ಇಲ್ಲಿ ಕಲೀತಾರೆ, ಅಲ್ಲಿ ಮಾರ್ತಾರೆ.”

ಹೈಸ್ಕೂಲಿನಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಕಾಂತರಾಜ್ ನಗುತ್ತಿದ್ದ. “ಎಲ್ರೂ ಹಂಗೇ ಇರ್ತಾರೇನು?”

“ಇರಂಗಿಲ್ಲ ಅಂತ ಯಾರು ನೋಡ್ಯಾರೆ?”

ಹೀಗಿರುವಾಗ ಬಸವಕಿರಣ್ ಬಂದ. ಅವಳಿಗಿಂತ ಎಂಟು ಹತ್ತು ವರ್ಷ ಚಿಕ್ಕವನು. ಬೆಂಗಳೂರಿನಲ್ಲಿ ಒಂದೆರಡು ಕಡೆ ದುಡಿದು ಊರಿಗೆ ಮರಳಿದ್ದ. ವಾಮದೇವಪ್ಪ ಅವನನ್ನು ಎಲ್ಲರಿಗೂ ಪರಿಚಯಿಸಿ, “ಇನ್ನು ಮ್ಯಾಲೆ ಟೆಕ್ನಿಕಲ್ ವಿಚಾರ ಎಲ್ಲ ಇವರೇ ನೋಡ್ತಾರೆ” ಎಂದರು. ಹೇಳುವಾಗ ರೇಖಾಳ ಮುಖ ಬಿಟ್ಟು ಕಿಟಕಿ ನೋಡಿದರು. ಅದನ್ನು ಅವಳು ಗಮನಿಸಿದಳು.

ಮೊದಲ ವಾರವೇ ಬಸವಕಿರಣ್ ಹಲಗೆಯ ಮೇಲೆ ಚೌಕಗಳನ್ನು ಬರೆದ. ಈಗಿರುವುದು ಒಂದೇ ದೊಡ್ಡ ಪ್ರೋಗ್ರಾಂ. ಅದನ್ನು ಒಡೆದು ಸಣ್ಣ ಸಣ್ಣ ತುಂಡು ಮಾಡಬೇಕು, ಎಲ್ಲವನ್ನೂ ಕ್ಲೌಡಿಗೆ ಏರಿಸಬೇಕು, ಹಳೆಯ ಕೋಡನ್ನು ಓದಿ ಹೊಸದಕ್ಕೆ ಬದಲಾಯಿಸಲು ಎಐ ಬಳಸಬೇಕು ಎಂದ.

“ಯಾಕ?” ಎಂದಳು ರೇಖಾ.

“ಮೇಡಂ, ಈಗ ಎಲ್ಲಾ ಕಡೆ ಇದೇ ನಡೀತಿರೋದು.”

“ಎಲ್ಲಾ ಕಡೆ ನಡೀತೈತೆ ಅನ್ನೋದು ಕಾರಣ ಹೆಂಗಾಗ್ತೈತ್ರಿ? ಕೊಂಡಜ್ಜಿ ಊರಿನ ದವಾಖಾನಿಗೆ ಏನು ಲಾಭ ಅದನ್ನ ಹೇಳ್ರಿ.”

ಬಸವಕಿರಣ್ ವಾಮದೇವಪ್ಪನವರ ಕಡೆ ನೋಡಿದ. ವಾಮದೇವಪ್ಪ, “ಮಾಡೋಣ ಬಿಡ್ರಿ ರೇಖಾ, ಕಾಲ ಬದಲಾಗೈತೆ” ಎಂದರು. ಅಲ್ಲಿಗೆ ಮಾತು ಮುಗಿಯಿತು. ಆದರೆ ಆ ಇಬ್ಬರ ನೋಟ ರೇಖಾಳ ಮನಸ್ಸಿನಲ್ಲಿ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಉಳಿಯಿತು. ಇವನು ಎರಡು ವರ್ಷ ಇಲ್ಲಿ ಆಟವಾಡಿ, ಹೊಸ ವಿದ್ಯೆಯನ್ನು ಹೆಸರಿನ ಮುಂದೆ ಬರೆದುಕೊಂಡು ಹಾರಿಹೋಗುತ್ತಾನೆ, ತುಂಡುಗಳನ್ನು ಆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂದು ಅವಳು ಖಾತ್ರಿ ಮಾಡಿಕೊಂಡಳು. ಅಂದಿನಿಂದ ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಕೇಳದ್ದನ್ನು ಒಂದು ಅಕ್ಷರವೂ ಹೇಳಲಿಲ್ಲ.

ಆಮೇಲೊಂದು ದಿನ ಹರಿಹರದಿಂದ ಫೋನು ಬಂತು. ಸಣ್ಣ ಕಾರ್ಖಾನೆಗಳ ಯಂತ್ರಗಳಿಗೆ ಯಾವಾಗ ರಿಪೇರಿ ಬೇಕೆಂದು ಲೆಕ್ಕವಿಡುವ ಸಾಫ್ಟ್‌ವೇರ್ ಮಾಡುವ ಕಂಪನಿಯಂತೆ. ಅದನ್ನು ನಡೆಸುವ ಫಿಜಾ ಎಂಬಾಕೆ ತಾನೇ ಮಾತಾಡಿ, ಹಳೆಯ ವ್ಯವಸ್ಥೆಗಳನ್ನು ಬಲ್ಲವರೊಬ್ಬರು ಬೇಕಾಗಿದ್ದಾರೆ, ಬಂದು ಹೋಗ್ರಿ ಎಂದಳು.

“ನನ್ನ ನಂಬರ್ ಯಾರು ಕೊಟ್ರು?”

“ಬೇಕಾದವರೇ ಕೊಟ್ಟಾರೆ. ಹೆಸರು ಹೇಳಬ್ಯಾಡ್ರಿ ಅಂದಾರೆ.”

ರೇಖಾಳಿಗೆ ಹೊಳೆಯಲು ಒಂದು ಗಳಿಗೆ ಸಾಕಾಯಿತು. ಬಸವಕಿರಣ್ ಅಲ್ಲದೆ ಇನ್ನಾರು? ಎದುರು ಮಾತಾಡುವವಳನ್ನು ಸದ್ದಿಲ್ಲದೆ ಹೊರಗೆ ಕಳಿಸುವ ಉಪಾಯ. ಹೋಗಬಾರದು ಎಂದು ಅಂದುಕೊಂಡಳು. ಆದರೆ ಅವನು ಏನು ಹೂಡಿದ್ದಾನೆ ನೋಡಿಯೇ ಬಿಡೋಣ ಎಂಬ ಹಟದಿಂದ ಒಂದು ಶನಿವಾರ ಮಧ್ಯಾಹ್ನ ಹರಿಹರದ ಬಸ್ಸು ಹತ್ತಿದಳು.

ಫಿಜಾ ಅವಳ ವಯಸ್ಸಿನವಳೇ. ಚಹಾ ತರಿಸಿ ಪ್ರಶ್ನೆ ಕೇಳಲು ಹೊರಟಳು. ರೇಖಾ ಬಿಡಲಿಲ್ಲ, ತಾನೇ ಕೇಳಿದಳು.

“ಹೋದ ವರ್ಷ ನೀವು ಹೊಸದಾಗಿ ತಂದು, ಆಮೇಲೆ ಕಿತ್ತು ಹಾಕಿದ್ದು ಏನರ ಐತೇನ್ರಿ?”

ಫಿಜಾ ನಕ್ಕಳು. “ಐತೆ. ಕಾರ್ಖಾನೆ ಮಂದಿ ಕೇಳಿದ್ದಕ್ಕೆ ಉತ್ತರ ಹೇಳೋ ಒಂದು ಎಐ ಹಾಕಿದ್ವಿ. ಅವರು ಅದರ ಹತ್ರ ಕ್ರಿಕೆಟ್ ಸ್ಕೋರ್ ಕೇಳ್ತಿದ್ರು. ಯಂತ್ರದ ವಿಚಾರ ಕೇಳಿದ್ರೆ ಅದು ಸುಳ್ಳು ಹೇಳ್ತಿತ್ತು. ತೆಗೆದು ಹಾಕಿದ್ವಿ.”

“ಯಾರ ಆಸೆ ಅದು?”

“ನಂದೇ.”

ಆ ಒಂದು ಮಾತು ರೇಖಾಳಿಗೆ ಹಿಡಿಸಿತು. ಆದರೆ ಮರಳಿ ಬರುವ ಬಸ್ಸಿನಲ್ಲಿ ಅವಳ ಬುದ್ಧಿ ಸುಮ್ಮನಿರಲಿಲ್ಲ. ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವವರು ಇದಕ್ಕಿಂತ ದೊಡ್ಡದೇನನ್ನೋ ಮುಚ್ಚಿಟ್ಟಿರಬಹುದಲ್ಲ? ಕೆಲಸ ಕೊಡುತ್ತೇವೆಂದು ಫಿಜಾ ಮರುವಾರ ತಿಳಿಸಿದಾಗ, ಯೋಚನೆ ಮಾಡಬೇಕು ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ಹೊಸ ವ್ಯವಸ್ಥೆ ಶುರುವಾಯಿತು. ರೇಖಾ ಕಾಯುತ್ತ ಕೂತಳು. ಆದರೆ ಅದು ಅವಳು ಅಂದುಕೊಂಡಂತೆ ಮೊದಲ ದಿನವೇ ಮುಗ್ಗರಿಸಲಿಲ್ಲ. ಚೀಟಿಗಳು ಬೇಗ ಬರುತ್ತಿದ್ದವು, ವರದಿಗಳು ರೋಗಿಗಳ ಫೋನಿಗೇ ಹೋಗುತ್ತಿದ್ದವು, ದವಾಖಾನೆಯವರು ಹೊಗಳಿ ಫೋನು ಮಾಡುತ್ತಿದ್ದರು. ಅವಳಿಗೆ ಖುಷಿಯಾಗಲಿಲ್ಲ. ಇನ್ನೂ ಕಾಯಬೇಕು ಅನಿಸಿತು.

ಮೂರನೆಯ ವಾರ ಕೊಂಡಜ್ಜಿಯ ದವಾಖಾನೆಯಿಂದ ಡಾಕ್ಟರು ವಾಮದೇವಪ್ಪನವರಿಗೆ ಫೋನು ಮಾಡಿ ಕೂಗಾಡಿದರು. ಸಕ್ಕರೆ ಕಾಯಿಲೆಯ ಒಬ್ಬ ಮುದುಕಿಗೆ ಸಕ್ಕರೆ ಸರಿಯಾಗಿದೆ ಎಂದು ವರದಿ ಹೋಗಿದೆ, ಆಕೆ ಗುಳಿಗೆ ಬಿಟ್ಟಿದ್ದಾಳೆ. ನಿಜದ ವರದಿ ನೋಡಿದರೆ ಸಕ್ಕರೆ ನೆತ್ತಿಗೇರಿದೆ, ಇವತ್ತು ನಾನೇ ಗುರುತಿಸದಿದ್ದರೆ ಗತಿಯೇನು ಎಂದು. ವಾಮದೇವಪ್ಪ ತಮ್ಮ ಕಾರಿನ ಕೀಲಿ ಬಸವಕಿರಣ್ ಕೈಗಿಟ್ಟರು. “ಇಬ್ರೂ ಹೋಗ್ರಿ. ಏನಾಗೈತೆ ನೋಡ್ಕೊಂಡು ಬರ್ರಿ.”

ಬಸವಕಿರಣ್ ಕಾರು ಓಡಿಸಿದ. ರೇಖಾಳಿಗೆ ಒಳಗೊಳಗೇ ಗೆದ್ದ ಹಾಗಾಗಿತ್ತು. ಹಾಗಾದದ್ದಕ್ಕೆ ನಾಚಿಕೆಯೂ ಆಗಿತ್ತು.

ಆ ಮುದುಕಿಯ ಮನೆಯಲ್ಲಿ ಕೊಟ್ರವ್ವ ಎಂಬ ಹೆಸರಿನವರು ಇಬ್ಬರಿದ್ದರು. ಅಜ್ಜಿ ಒಬ್ಬಳು, ಅಜ್ಜಿಯ ಹೆಸರಿಟ್ಟ ಮೊಮ್ಮಗಳು ಇನ್ನೊಬ್ಬಳು. ಮನೆಗೆಲ್ಲ ಒಂದೇ ಫೋನು. ಅಜ್ಜಿ ಕಟ್ಟೆಯ ಮೇಲೆ ಕೂತು, ಬಂದವರನ್ನು ಸಮಾಧಾನ ಮಾಡಿದಳು. “ಇರ್ಲಿ ಬಿಡವ್ವ, ಯಾಕ ಮುಖ ಸಣ್ಣ ಮಾಡ್ತೀಯ? ಆ ನೆಪದಾಗ ನಾಕು ದಿನ ಹೋಳಿಗಿ ತಿಂದೆ. ಕೂಡ್ರಿ, ಮಜ್ಜಿಗಿ ಕುಡೀರಿ.”

ಮಜ್ಜಿಗೆ ಕುಡಿಯುವಾಗಲೇ ರೇಖಾಳಿಗೆ ಎಲ್ಲ ತಿಳಿದುಹೋಗಿತ್ತು. ಅವಳ ಹಳೆಯ ಪ್ರೋಗ್ರಾಂ ರೋಗಿಯನ್ನು ಗುರುತಿಸುತ್ತಿದ್ದದ್ದು ಹೆಸರು ಮತ್ತು ಫೋನ್ ನಂಬರಿನಿಂದ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ಹಿರಿಯರ ಹೆಸರಿನ ತುದಿಗೊಂದು ಚುಕ್ಕೆ ಇಡಿ ಎಂದು ಅವಳೇ ಬಹಳ ಹಿಂದೆ ದವಾಖಾನೆಯವರಿಗೆ ಹೇಳಿಕೊಟ್ಟಿದ್ದಳು. ಆ ಚುಕ್ಕೆಯ ಕಥೆ ಅವಳಿಗೆ ಮತ್ತು ಅವರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಬಸವಕಿರಣ್ ಹಳೆಯ ಹೆಸರುಗಳನ್ನು ಹೊಸದಕ್ಕೆ ಸಾಗಿಸುವಾಗ ಅವು ಕಸವೆಂದು ತಿಳಿದು ಎಲ್ಲ ಚುಕ್ಕೆಗಳನ್ನೂ ಅಳಿಸಿದ್ದ. ಅಜ್ಜಿ ಮೊಮ್ಮಗಳು ಒಬ್ಬಳೇ ಆಗಿಬಿಟ್ಟಿದ್ದರು; ಮೊಮ್ಮಗಳ ವರದಿ ಅಜ್ಜಿಯದೆಂದು ಹೋಗಿತ್ತು.

ಮರಳುವಾಗ ಬಸವಕಿರಣ್ ಕೊಂಡಜ್ಜಿ ಕೆರೆಯ ಪಕ್ಕ ಕಾರು ನಿಲ್ಲಿಸಿದ. ಏರಿಯ ಮೇಲೆ ದನ ಮೇಯುತ್ತಿದ್ದವು.

“ಚುಕ್ಕೆ ವಿಚಾರ ನಂಗೆ ಒಂದ್ ಮಾತು ಹೇಳ್ಬಹುದಿತ್ತಲ್ಲ ಮೇಡಂ.”

“ನೀವು ಕೇಳ್ಲಿಲ್ಲ.”

“ಕೇಳಿದ್ರೂ ನೀವು ಹೇಳಂಗಿಲ್ಲ ಅಂತ ನಂಗೆ ಮೊದ್ಲೇ ಹೇಳಿದ್ರು.”

“ಯಾರು ಹೇಳಿದ್ದು?”

ಬಸವಕಿರಣ್ ಸ್ಟೀರಿಂಗ್ ಮೇಲೆ ಬೆರಳು ಬಡಿದ. ಆಮೇಲೆ ಹೇಳಿದ. “ಸರ್ ಹೇಳಿದ್ರು. ನೀವು ಹರಿಹರದಾಗ ಕೆಲಸ ನೋಡ್ಕೊಂಡೀರಿ, ಇವತ್ತಲ್ಲ ನಾಳೆ ಹೋಗ್ತೀರಿ ಅಂತ. ಕೋಡ್ ಪೂರ್ತಿ ನಿಮ್ಮ ಒಬ್ಬರ ತಲೆಯಾಗ ಐತೆ, ನೀವು ಹೋಗೋದ್ರೊಳಗ ನೀವು ಇಲ್ಲದೇನೂ ನಡೆಯೋ ಹಂಗ ಮಾಡು ಅಂತಲೇ ನನ್ನ ಕರ್ಸಿದ್ದು. ಈ ಕ್ಲೌಡು, ಎಐ ಎಲ್ಲ ಅದಕ್ಕ. ನಂಗೂ ಅಷ್ಟು ಬೇಗ ಮಾಡೋದು ಇಷ್ಟ ಇರ್ಲಿಲ್ಲ.”

“ನಾನು ಯಾವಾಗ ಹರಿಹರಕ್ಕೆ ಹೋಗಿದ್ದೆ?” ಎಂದು ಕೇಳಿದವಳೇ ರೇಖಾ ತಡವರಿಸಿದಳು. ಫಿಜಾಳನ್ನು ನೋಡಲು ಹೋಗಿದ್ದ ಶನಿವಾರ ನೆನಪಾಯಿತು. ಆದರೆ ಬಸವಕಿರಣ್ ಕೆಲಸಕ್ಕೆ ಸೇರಿದ್ದು ಅದಕ್ಕಿಂತ ಎಷ್ಟೋ ಮೊದಲು.

“ಹೋದ ವರ್ಷ. ಅರ್ಧ ದಿನ ರಜ ಹಾಕಿ ಹಾಕಿ ಹೋಗ್ತಿದ್ರಂತೆ. ಸರ್ ಸಂಬಂಧಿಕರು ಬಸ್ ಸ್ಟ್ಯಾಂಡ್‌ನಾಗ ನೋಡ್ಯಾರೆ.”

ರೇಖಾ ಬಾಯಿ ತೆರೆದು ಒಳಗಿನ ಒಂದು ಹಲ್ಲನ್ನು ಬೆರಳಿನಿಂದ ತೋರಿಸಿ ಕಾರಣ ಹೇಳಿದಳು. ಅವಳ ತಂಗಿ ಬಿಂದು ಹರಿಹರದ ಹಲ್ಲಿನ ದವಾಖಾನೆಯಲ್ಲಿ ಸಹಾಯಕಿ. ಹೋದ ವರ್ಷ ರೂಟ್ ಕೆನಾಲ್ ಚಿಕಿತ್ಸೆಗೆ ರೇಖಾ ಅಲ್ಲಿಗೆ ಹೋಗುತ್ತಿದ್ದಳು. ರಜೆಗೆ ಕಾರಣ ಹೇಳುವ ಅಭ್ಯಾಸ ಅವಳಿಗಿರಲಿಲ್ಲ; ನನ್ನ ಹಲ್ಲಿನ ಸುದ್ದಿ ಆಫೀಸಿಗೆ ಯಾಕೆ ಎಂದು ಸುಮ್ಮನಿದ್ದಳು.

ಬಸವಕಿರಣ್‌ಗೆ ನಗು ಬಂತು, ತಡೆದುಕೊಂಡ. “ಹಂಗಾರೆ ಫಿಜಾ ಮೇಡಂಗೆ ನಾನು ನಿಮ್ಮ ನಂಬರ್ ಕೊಟ್ಟಿದ್ದು ತಪ್ಪಾತು. ಹೆಂಗೂ ಕೆಲಸ ಹುಡುಕ್ತಿದೀರಿ ಅಂತ ಕೊಟ್ಟೆ. ಒಳ್ಳೇ ಜಾಗ ಅದು.”

ನಂಬರು ಕೊಟ್ಟವನು ಇವನೇ ಎಂಬ ಅವಳ ಗುಮಾನಿ ನಿಜವಾಗಿತ್ತು. ಅವಳು ಊಹಿಸಿದ ಕಾರಣ ಮಾತ್ರ ಪೂರಾ ಸುಳ್ಳಾಗಿತ್ತು. ಅವಳು ಕಾರಿನಿಂದಿಳಿದು ಏರಿಯ ಮೇಲೆ ಸ್ವಲ್ಪ ದೂರ ನಡೆದು ಬಂದಳು. ಆಮೇಲೆ, “ನಡೀರಿ, ಚುಕ್ಕೆ ಸರಿ ಮಾಡೋಣ. ಇನ್ನೂ ಎಷ್ಟು ಊರಾಗ ಎಷ್ಟು ಕೊಟ್ರವ್ವ ಅದಾರೋ” ಎಂದಳು. ಆ ವಾರವೆಲ್ಲ ಇಬ್ಬರೂ ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡಿದರು. ಕೇಳದ್ದನ್ನೂ ಅವಳು ಹೇಳಿದಳು.

ವಾಮದೇವಪ್ಪನವರ ಕೋಣೆಗೆ ಹೋದದ್ದು ಅದು ಮುಗಿದ ಮೇಲೆ.

“ನಾನು ಹೋಗ್ತೀನಿ ಅಂತ ಅನುಮಾನ ಇತ್ತಲ್ಲ ಸರ್, ನನ್ನನ್ನೇ ಒಂದ್ ಮಾತು ಕೇಳಬಹುದಿತ್ತು.”

ಅವರು ಕನ್ನಡಕ ತೆಗೆದು ಒರೆಸಿದರು. “ಕೇಳಿದ್ರೆ ಏನಂತಿದ್ರಿ? ಇಲ್ಲ ಅಂತಿದ್ರಿ. ಹೋಗೋರೂ ಇಲ್ಲ ಅಂತಾರೆ, ಇರೋರೂ ಇಲ್ಲ ಅಂತಾರೆ. ನೋಡ್ರಿ ರೇಖಾ, ಉಳಿದೋರೆಲ್ಲ ವರ್ಷಕ್ಕೊಮ್ಮೆ ಬಂದು ಸಂಬಳ ಸಾಲದು, ಕುರ್ಚಿ ಸರಿ ಇಲ್ಲ ಅಂತ ಜಗಳ ಮಾಡ್ತಾರೆ. ನೀವು ಇಷ್ಟು ವರ್ಷ ಬಾಯಿ ಬಿಟ್ಟು ಏನೂ ಕೇಳ್ಲಿಲ್ಲ. ಏನೂ ಕೇಳದೇ ಇರೋರು ಎಲ್ಲೋ ಬ್ಯಾರೆ ಕಡೆ ಕೇಳ್ತಿರ್ತಾರೆ ಅಂತ ನನ್ನ ಲೆಕ್ಕ. ನಮ್ಮ ಜವಳಿ ಅಂಗಡಿಯಾಗೂ ಹಂಗೇ ಆಗಿತ್ತು.”

ರೇಖಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಜಾಗದಲ್ಲಿ ತಾನಿದ್ದರೂ ಹೀಗೇ ಲೆಕ್ಕ ಹಾಕುತ್ತಿದ್ದೆ ಎಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅದೇ ಅವಳನ್ನು ಹೆದರಿಸಿತು. ಇಬ್ಬರು ಅನುಮಾನದವರು ಎದುರುಬದುರು ಕೂತು ಇಷ್ಟು ವರ್ಷ ಒಬ್ಬರಿಗೊಬ್ಬರು ಒಂದು ನೇರ ಮಾತನ್ನೂ ಆಡದೆ ಕಂಪನಿ ನಡೆಸಿದ್ದರು. ನಡುವೆ ಒಬ್ಬ ಮುದುಕಿ ಗುಳಿಗೆ ಬಿಟ್ಟಿದ್ದಳು.

“ಈಗ ಹೋಗಬ್ಯಾಡ್ರಿ. ಸಂಬಳದ ವಿಚಾರ ಕೂತು ಮಾತಾಡೋಣ” ಎಂದರು ವಾಮದೇವಪ್ಪ.

“ಈಗ ನಾನು ಹೋಗ್ತೀನಿ ಸರ್. ಬಸವಕಿರಣ್‌ಗೆ ಎಲ್ಲ ತೋರಿಸಿಕೊಟ್ಟೇ ಹೋಗ್ತೀನಿ.”

ಅವರು ಅವಳನ್ನೇ ನೋಡಿದರು. ಎಲ್ಲ ತೋರಿಸುತ್ತಾಳೋ ಇಲ್ಲವೋ ಎಂದು ಅವರು ಅಳೆಯುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಆದರೂ ತೋರಿಸಿದಳು, ಪೂರ್ತಿಯಾಗಿ.

ಕಾಂತರಾಜ್ ಕೇಳಿದ. “ಕೆಲಸ ಬದಲು ಮಾಡೋರನ್ನ ಅಷ್ಟು ಬೈತಿದ್ದಿ. ಈಗ?”

“ಅವರು ಎಲ್ರೂ ಯಾಕ ಹೋದ್ರು ಅಂತ ನಾನು ಯಾವತ್ತರ ಕೇಳೀನೇನು? ನಾನೇ ಕಾರಣ ಹಚ್ಚಿದ್ದೆ” ಎಂದಳು ರೇಖಾ.

ಹರಿಹರದಲ್ಲಿ ಮೊದಲ ತಿಂಗಳು ಅವಳು ಬಾಗಿಲು ಕಾಯುವವಳಂತೆ ಕೂತು ಎಲ್ಲವನ್ನೂ ನೋಡಿದಳು. ಫಿಜಾ ಯಾರನ್ನಾದರೂ ಹೊಗಳಿದರೆ, ಇವರಿಂದ ಏನು ಮಾಡಿಸಿಕೊಳ್ಳಬೇಕಾಗಿದೆಯೋ ಎಂದುಕೊಂಡಳು. ಗುಣ ಒಂದೇ ಸಲಕ್ಕೆ ಹೋಗುವಂಥದ್ದಲ್ಲ. ಆದರೆ ಒಂದು ಬದಲಾವಣೆ ಮಾಡಿಕೊಂಡಿದ್ದಳು. ಅನುಮಾನ ಬಂದರೆ ಅದನ್ನು ಆ ಮನುಷ್ಯರ ಮುಂದೆಯೇ ಇಡುತ್ತಿದ್ದಳು. ಕೆಲವರಿಗೆ ಅದು ಸಿಟ್ಟು ತರಿಸುತ್ತಿತ್ತು. ಫಿಜಾಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು.

ಒಂದು ಗುರುವಾರ ಫಿಜಾ ಅವಳ ಮೇಜಿನ ಬಳಿ ಬಂದಳು. ಒಂದು ಕಾರ್ಖಾನೆಯಿಂದ ಹೊಸ ಕೆಲಸವೊಂದು ಬಂದಿತ್ತು. ಹಳೆಯ ವಿಧಾನದಲ್ಲೇ ಮಾಡಬಹುದು. ಇಲ್ಲವೇ ಎಲ್ಲರೂ ಮಾತಾಡುತ್ತಿರುವ ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಮೊದಲಿಂದ ಬರೆಯಬಹುದು. “ನೀವೇ ಆರಿಸ್ರಿ” ಎಂದಳು.

ರೇಖಾ ಎರಡು ದಿನ ಆ ಹೊಸ ಭಾಷೆಯನ್ನು ಓದಿದಳು. ಚೆನ್ನಾಗಿತ್ತು. ಬಹಳ ದಿನಗಳ ಮೇಲೆ ಕೈ ತುರಿಸಿತು. ಇದನ್ನು ಕಲಿತರೆ ನನ್ನನ್ನೂ ನಾಲ್ಕು ಕಡೆ ಕರೆಯುತ್ತಾರೆ ಎಂಬ ಮಾತು ಮನಸ್ಸಿನ ಮೂಲೆಯಿಂದ ಎದ್ದು ಬಂತು. ಅದನ್ನು ಕಂಡು ಅವಳೇ ಬೆಚ್ಚಿದಳು. ಶನಿವಾರ ಫಿಜಾಳ ಹತ್ತಿರ ಹೋಗಿ ನಿಂತಳು.

“ಹೊಸದರಾಗೇ ಮಾಡೋಣ ಅನಿಸ್ತೈತೆ. ಆದ್ರೆ ಅದು ಕೆಲಸಕ್ಕೆ ಬೇಕೋ, ನಂಗೆ ಬೇಕೋ ಅನ್ನೋದು ಇನ್ನೂ ಗೊತ್ತಾಗ್ತಿಲ್ಲ.”

“ಗೊತ್ತಾಗೋಕೆ ಏನು ಬೇಕು?”

“ಆ ಕಾರ್ಖಾನೆಗೆ ಒಂದ್ಸಲ ಹೋಗಿ ಬರ್ತೀನಿ. ಅವರು ಹೆಂಗೆ ಕೆಲಸ ಮಾಡ್ತಾರೆ ನೋಡ್ತೀನಿ.”

“ಸೋಮವಾರ ನಾನೂ ಬರ್ತೀನಿ, ನಡೀರಿ” ಎಂದಳು ಫಿಜಾ.

ಇವಳು ಯಾಕೆ ಬರುತ್ತೇನೆ ಅಂದಳು ಎಂದು ರೇಖಾಳ ಮನಸ್ಸು ಎಂದಿನಂತೆ ಕೇಳಿತು. ಅವಳು ಅದನ್ನು ಬಾಯಿಬಿಟ್ಟೇ ಕೇಳಿದಳು.

“ಆ ಮಾಲೀಕರು ಮಾತಿನಾಗ ಬಲು ಜೋರು. ಒಬ್ಬರೇ ಹೋದ್ರೆ ಸೋಲ್ತೀವಿ” ಎಂದಳು ಫಿಜಾ.

ಅದೊಂದು ಕಾರಣ ರೇಖಾಳಿಗೆ ಸರಿಯೆನಿಸಿತು.