ಅರ್ಜಿ ಬರೆಯುವ ಇನ್ಶಿರಾ

ಈಜಿಪ್ಟಿನ ನಮ್ಮ ತಂತಾ ಊರಿನ ಕುಟುಂಬ ನ್ಯಾಯಾಲಯದೆದುರು ಮುರುಕು ಮೇಜು ಹಾಕಿಕೊಂಡು ಮಕ್ಕಳ ಸುಪರ್ದಿಯ ಅರ್ಜಿ ಬರೆಯುವ ಇನ್ಶಿರಾಗೆ ಕಾನೂನು ಜಡ್ಜಿಗಿಂತ ಚೆನ್ನಾಗಿ ಗೊತ್ತು; ಬಾಯಿ ಮಾತ್ರ ಪಕ್ಕದ ಗಾಡಿಯ ಬೇಯಿಸಿದ ಕಾಳಿಗಿಂತ ಬಿಸಿ. ಮೀಸೆ ತಿರುವುತ್ತ ಬರುವ ಅಪ್ಪಂದಿರಿಗೆ ಅವಳ ಮೊದಲ ಪ್ರಶ್ನೆ, "ಮಗೀನ ಚಪ್ಪಲಿ ಅಳತೆ ಎಷ್ಟಯ್ಯಾ?" ಗೊತ್ತಿಲ್ಲವೆಂದರೆ, "ಹಂಗಾದ್ರೆ ನಿಂಗೆ ವಾರಕ್ಕೆ ಮೂರು ಗಂಟೆ 'ನೋಟ' ಸಾಕು. ಮಗೀನ ಭೇಟಿಗೆ ಕಾನೂನಲ್ಲಿ ಹೆಸರೇ ನೋಟ. ಕೋರ್ಟು ಗೊತ್ತುಮಾಡಿದ ಕ್ಲಬ್ಬಿನ ಬೆಂಚಲ್ಲಿ ಕೂತು ಸಿನಿಮಾ ನೋಡ್ದಂಗೆ ನೋಡ್ಕೊಂಡು ಹೋಗು" ಎನ್ನುತ್ತಾಳೆ. ಇನ್ನೊಂದು ಮದುವೆಗೆ ಹೊರಟ ಅಮ್ಮಂದಿರನ್ನೂ ಬಿಡುವುದಿಲ್ಲ: "ಗಂಡ ಬೇಕೋ ಕೂಸು ಬೇಕೋ ಹೇಳೇ ತಾಯಿ. ನೀನು ಕಟ್ಕೊಂಡ್ರೆ ಕೂಸು ನಿಮ್ಮಮ್ಮನ ಪಾಲು. ಅವಳು ಅರ್ಜಿ ಹಾಕದಿದ್ರೆ ಕೂಸಿನಪ್ಪನ ಪಾಲು." ಹತ್ತು ನಿಮಿಷಕ್ಕೊಂದು ಅರ್ಜಿ, ಒಂದು ಚಿತ್ತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಹೋದ ತಿಂಗಳು ಮಾತ್ರ ಒಂದೇ ಅರ್ಜಿಗೆ ಇಡೀ ಬೆಳಿಗ್ಗೆ ಹಿಡಿಯಿತು. ಎದುರಿಗೆ ಕೂತಿದ್ದವಳು ಮತ್ತೆ ಮದುವೆಯಾದ ಅವಳ ಸ್ವಂತ ಮಗಳು ರಿಹಾಬ್. ಮೊಮ್ಮಗಳು ಹೊಡೆದು ಬಡಿಯುವ ಅಪ್ಪನ ಕೈಗೆ ಬೀಳಬಾರದೆಂದರೆ ಇನ್ಶಿರಾ ಮಗಳ ಮೇಲೆಯೇ ಅರ್ಜಿ ಹಾಕಬೇಕಿತ್ತು. "ಈಕೆಗೆ ಮಗುವಿನ ಮೇಲೆ ಇನ್ನು ಹಕ್ಕಿಲ್ಲ" ಎಂಬ ಸಾಲು ಬಂದಾಗ ಪೆನ್ನು ನಿಂತುಹೋಯಿತು. "ಬರಿಯಮ್ಮಾ, ಊರೋರಿಗೆಲ್ಲ ಬರ್ಕೊಟ್ಟಿದ್ದೀಯಲ್ಲ" ಎಂದಳು ರಿಹಾಬ್. ಕೊನೆಗೆ ಪೆನ್ನು ಕಸಿದುಕೊಂಡು ಆ ಸಾಲನ್ನು ಮಗಳೇ ಬರೆದಳು.